ಖಾಲಿ ಜಾಗದ ಮೇಲೊಂದು ಬಟನ್

ಹದಿನೇಳನೆಯ ಬಟನ್ ಟಕ್ಕೆಂದು ಕಾಗದದ ಮೇಲೆ ಬಿದ್ದಾಗ ನಳಿನಾಕ್ಷಿ ಟೀಚರ್ ಮೇಜಿನಡಿಯಲ್ಲಿ ತಮ್ಮ ಬಲಗೈಯನ್ನು ಎಡಗೈಯಿಂದ ಬಿಗಿಯಾಗಿ ಹಿಡಿದುಕೊಂಡರು. ಮೂವತ್ತೊಂದು ವರ್ಷ ಮಕ್ಕಳ ಉತ್ತರಪತ್ರಿಕೆಗಳಿಗೆ ಕೆಂಪು ಗೀರು ಎಳೆದ ಕೈ ಅದು. ಹಿಡಿಯದೆ ಬಿಟ್ಟರೆ ಆ ಬಟನ್ ಡಬ್ಬಿಯನ್ನು ಕಿಟಕಿಯಿಂದಾಚೆ ಎಸೆದರೂ ಎಸೆದೀತು.

"ಇದು ಎಂತ?" ಎಂದಳು ಎದುರಿಗೆ ಕೂತಿದ್ದ ಡೈನಾ.

"ಲಗತ್ತಿಸತಕ್ಕದ್ದು."

"ಹಾಗಂದ್ರೆ?"

"ಅರ್ಜಿಯ ಜೊತೆಗೆ ಇಡಬೇಕು ಅಂತ."

"ಮತ್ತೆ ಹಾಗೇ ಬರೀಲಿಕ್ಕೆ ನಿಮಗೆ ಎಂತ ಆದದ್ದು?"

ಗೋಡೆಗೊರಗಿ ನಿಂತಿದ್ದ ವಿಭಾ ಕೆಮ್ಮಿದಂತೆ ಮಾಡಿ ನಗು ನುಂಗಿದಳು. ಟೀಚರಿಗೆ ಕಿವಿ ಬಿಸಿಯಾಯಿತು. ನಗುವುದಾದರೆ ನಗಲಿ ಮಾರಾಯ್ತಿ, ಪಿಯುಸಿಯಲ್ಲಿ ಇವಳೇ ಅಲ್ಲವೇ ನನ್ನ ಕ್ಲಾಸಿನಲ್ಲಿ ಸಂಧಿ ಬಿಡಿಸಲಾರದೆ ಅತ್ತವಳು!

ಮಣಿಪಾಲದ ಒಂದು ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆ ಅದು. ವಿಭಾ ಇನ್ನಿಬ್ಬರನ್ನು ಸೇರಿಸಿಕೊಂಡು ಅಲ್ಲೊಂದು ಕೆಲಸ ಶುರು ಮಾಡಿದ್ದಳು. ಬಸ್ ಪಾಸು, ಲಸಿಕೆ, ಮತದಾನ ಎಂದೆಲ್ಲ ಸಾರ್ವಜನಿಕರಿಗೆ ಹಂಚುವ ಕರಪತ್ರಗಳು ಇರುತ್ತವಲ್ಲ, ಅವನ್ನು ಓದಲು ಕಷ್ಟಪಡುವವರಿಗೂ ತಿಳಿಯುವಂತೆ ತಿರುಗಿ ಬರೆಯುವುದು. ನಿವೃತ್ತಿಯಾಗಿ ಅಲೆವೂರಿನ ಮನೆಯಲ್ಲಿ ಕೂತು ಬೇಸತ್ತಿದ್ದ ಟೀಚರನ್ನು ಅವಳೇ ಕರೆತಂದಿದ್ದಳು. ಬರೆಯುವವರು ಟೀಚರ್. ಅದು ತಿಳಿಯುತ್ತದೋ ಇಲ್ಲವೋ ಎಂದು ಹೇಳುವವಳು ಡೈನಾ. ಡೈನಾ ಒಪ್ಪದೆ ಯಾವ ಹಾಳೆಯೂ ಪ್ರಿಂಟಿಗೆ ಹೋಗುವಂತಿಲ್ಲ.

ಡೈನಾಗೆ ಮೂವತ್ತನಾಲ್ಕು ವರ್ಷ. ಹುಟ್ಟಿದಂದಿನಿಂದ ಬುದ್ಧಿ ನಿಧಾನ. ವಿಶೇಷ ಶಾಲೆಯಲ್ಲಿ ಹನ್ನೆರಡು ವರ್ಷ ಕೂತು ಕನ್ನಡ ಓದಲು, ಬರೆಯಲು ಕಲಿತಿದ್ದಳು. ಅಕ್ಷರ ಅಕ್ಷರ ಕೂಡಿಸಿ, ತುಟಿ ಆಡಿಸಿ ಓದುತ್ತಿದ್ದಳು. ಕಾಪುವಿನಿಂದ ಅವಳ ಅಮ್ಮ ಝೀಟಾ ಬಾಯಿ ವಾರಕ್ಕೆರಡು ಸಲ ಬಸ್ಸಿನಲ್ಲಿ ಕರೆತರುತ್ತಿದ್ದರು. ಝೀಟಾ ಬಾಯಿ ಹೊಲಿಗೆಯವರು; ಬಟನ್ ಡಬ್ಬಿ ಅವರದ್ದೇ. ಅರ್ಥವಾಗದ ಪದದ ಮೇಲೆ ಅಂಗಿಯ ಚಿಕ್ಕ ಬಟನ್, ವಾಕ್ಯಕ್ಕೆ ವಾಕ್ಯವೇ ಅರ್ಥವಾಗದಿದ್ದರೆ ಕೋಟಿನ ದೊಡ್ಡ ಬಟನ್. ಈ ಕ್ರಮವನ್ನು ಡೈನಾ ತಾನೇ ಮಾಡಿಕೊಂಡಿದ್ದಳು. ಆವತ್ತು ಬಸ್ ಪಾಸಿನ ಹಾಳೆ ಮುಗಿಯುವಾಗ ಇಪ್ಪತ್ತಾರು ಚಿಕ್ಕವು, ಐದು ದೊಡ್ಡವು. ಬಟನುಗಳ ನಡುವೆ ಟೀಚರ ಕನ್ನಡ ಹುಡುಕಿದರೂ ಕಾಣುತ್ತಿರಲಿಲ್ಲ.

ಗೋಡೆಯ ಮೇಲೆ ವಿಭಾ ನಾಲ್ಕು ನಿಯಮ ಬರೆದು ಅಂಟಿಸಿದ್ದಳು. ಒಂದು ವಾಕ್ಯದಲ್ಲಿ ಒಂದೇ ಮಾತು. ಯಾರು ಮಾಡುತ್ತಾರೆ ಎಂದು ಹೇಳಿ. ಮುಖ್ಯವಾದದ್ದು ಮೊದಲು ಬರಲಿ. ಓದುವವರಿಗೆ ಬೇಕಾದದ್ದನ್ನು ಬಚ್ಚಿಡಬೇಡಿ. ಮೊದಲ ದಿನ ಇದನ್ನು ಓದಿ ಟೀಚರ್ "ಇದೂ ಒಂದು ಶಾಸ್ತ್ರವಾ!" ಎಂದು ಮೂಗು ಮುರಿದಿದ್ದರು. ಅವರದ್ದೂ ತಪ್ಪಲ್ಲ. ಈ ಕಡೆಯವರಿಗೆ ಮನೆಯೊಳಗೆ ತುಳು, ಇಲ್ಲವೇ ಕೊಂಕಣಿ, ಇಲ್ಲವೇ ಬ್ಯಾರಿ. ಕನ್ನಡವೆಂದರೆ ಮದುವೆಗೆ ಹೋಗುವಾಗ ಕಪಾಟಿನಿಂದ ತೆಗೆದು ಉಡುವ ಸೀರೆ. ನೆರಿಗೆ ಸರಿಯಿರಬೇಕು, ಸೆರಗಿಗೆ ಜರಿ ಇರಬೇಕು. ಹಾಲಿನವನಿಗೆ ಚೀಟಿ ಬರೆದಿಡುವಾಗಲೂ "ತಾವು ದಯಮಾಡಿ" ಎಂದೇ ಶುರು ಮಾಡುವ ಜನ. ಸುಲಭವಾಗಿ ಬರೆದರೆ ಎದುರಿನವರಿಗೆ ಮರ್ಯಾದೆ ಕೊಡದಂತೆ ಎಂದು ಟೀಚರ್ ನಿಜವಾಗಿಯೂ ನಂಬಿದ್ದರು.

ಎರಡು ತಿಂಗಳಲ್ಲಿ ಆ ನಂಬಿಕೆ ಒಂದೊಂದೇ ಬಟನಿನ ಏಟಿಗೆ ಸವೆಯಿತು. ಮೊದಲು ಸಿಟ್ಟು ಬಂತು, ಆಮೇಲೆ ಹಟ ಬಂತು. ಒಂದು ಸೋಮವಾರ ಲಸಿಕೆಯ ಹಾಳೆಯನ್ನು ಡೈನಾ ಮೇಲಿನಿಂದ ಕೆಳಗಿನವರೆಗೆ ಒಂದೂ ಬಟನ್ ಇಡದೆ ಓದಿದಳು. ಓದಿ, ತನ್ನ ತೋಳು ಮುಟ್ಟಿ, "ಇಲ್ಲಿ ಚುಚ್ತಾರೆ. ಆಮೇಲೆ ಅರ್ಧ ಗಂಟೆ ಕೂತ್ಕೊಳ್ಬೇಕು. ಓಡ್ಬಾರ್ದು" ಎಂದಳು. ಟೀಚರಿಗೆ ರೋಮಾಂಚನವಾಯಿತು. ತಾನು ಮನಸ್ಸಿನಲ್ಲಿ ಇಟ್ಟದ್ದು ಇನ್ನೊಬ್ಬಳ ಮನಸ್ಸಿನೊಳಕ್ಕೆ ಒಂದು ಹನಿಯೂ ಚೆಲ್ಲದೆ ಹೋಗಿ ಸೇರಿದೆ! ಮೂವತ್ತೊಂದು ವರ್ಷದಲ್ಲಿ ಹೀಗೆ ಆದದ್ದು ಅವರಿಗೆ ನೆನಪಿರಲಿಲ್ಲ. ಆ ದಿನ ಮನೆಗೆ ಹೋಗಿ ಗಂಡ ಜನಾರ್ದನರಿಗೆ ಹೇಳಿದರೆ ಅವರು ಪತ್ರಿಕೆಯಿಂದ ತಲೆ ಎತ್ತದೆ, "ಅಂತೂ ನಿನ್ನ ಕನ್ನಡಕ್ಕೆ ಆಪರೇಷನ್ ಆಯ್ತು" ಎಂದರು. ಟೀಚರಿಗೆ ಬೇಸರವೂ ಆಗಲಿಲ್ಲ.

ಇದೇ ಹೊತ್ತಿಗೆ ಝೀಟಾ ಬಾಯಿ ಆ ಮಾತು ತೆಗೆದದ್ದು. ಡೈನಾ ಕೆಳಗೆ ಅಂಗಡಿಯಲ್ಲಿ ಝೆರಾಕ್ಸ್ ಯಂತ್ರದಿಂದ ಹಾಳೆ ಬರುವುದನ್ನು ನೋಡುತ್ತ ನಿಂತಿದ್ದಳು. ಝೀಟಾ ಬಾಯಿ ಮೆಟ್ಟಿಲಿನಲ್ಲಿ ಟೀಚರ ಕೈ ಹಿಡಿದು ನಿಲ್ಲಿಸಿದರು.

"ಟೀಚರ್, ನಿಮ್ಮಿಂದ ಒಂದು ಉಪಕಾರ ಆಗ್ಬೇಕು. ಕಾರ್ಕಳದ ಆಚೆ ಕಾನ್ವೆಂಟಿನ ಸಿಸ್ಟರುಗಳ ಒಂದು ಮನೆ ಉಂಟು, ಇಂಥ ಹೆಣ್ಮಕ್ಕಳಿಗೆ. ಆರು ವರ್ಷದಿಂದ ಹೆಸರು ಕೊಟ್ಟು ಕಾಯ್ತಾ ಇದ್ದೆ. ಈಗ ಒಂದು ಜಾಗ ಖಾಲಿ ಆಗಿದೆ. ಶುಕ್ರವಾರ ಬರ್ಲಿಕ್ಕೆ ಹೇಳಿದ್ದಾರೆ."

"ಡೈನಾ ಅಲ್ಲಿ ಇರ್ತಾಳಾ? ಪೂರ್ತಿ?"

"ಪೂರ್ತಿ." ಝೀಟಾ ಬಾಯಿ ಎದೆಯ ಮೇಲೆ ಅಂಗೈ ಇಟ್ಟುಕೊಂಡರು. "ನನ್ನ ಹಾರ್ಟಿದು ನಿಮಗೆ ಗೊತ್ತುಂಟಲ್ಲ. ಡಾಕ್ಟ್ರು ಬಾಯಿ ಬಿಟ್ಟು ಹೇಳುದಿಲ್ಲ, ಮುಖ ನೋಡಿದ್ರೆ ತಿಳೀತದೆ. ಇವಳ ಡ್ಯಾಡಿ ಇಮ್ಯಾನುಯೆಲ್ ಹೋಗಿ ಹನ್ನೊಂದು ವರ್ಷ ಆಯ್ತು. ಬೇರೆ ಯಾರೂ ಇಲ್ಲ. ನಾಳೆ ನನಗೆ ಹೆಚ್ಚುಕಡಿಮೆ ಆದ್ರೆ ಇವಳು ಯಾರ ಬಾಗಿಲಿಗೆ ಹೋಗುದು? ಈ ಜಾಗ ತಪ್ಪಿದ್ರೆ ಇನ್ನು ಎಷ್ಟು ವರ್ಷವೋ."

ಅಡ್ಡಿಯಾಗಿದ್ದದ್ದು ಒಂದೇ. ಆ ಮನೆಯ ಮುಖ್ಯಸ್ಥೆ ಸಿಸ್ಟರ್ ಪ್ರೆಸಿಲ್ಲಾ ಒಂದು ಕಟ್ಟುನಿಟ್ಟಿನ ನಿಯಮ ಇಟ್ಟುಕೊಂಡಿದ್ದರು. ಬರುವವಳಿಗೆ ತಾನು ಎಲ್ಲಿಗೆ, ಯಾಕೆ ಬರುತ್ತಿದ್ದೇನೆ ಎಂದು ತಿಳಿದಿರಬೇಕು. ತಿಳಿದು ಅವಳೇ ಸಹಿ ಹಾಕಬೇಕು. ಅರ್ಜಿ ನಾಲ್ಕು ಪುಟ. ಅದನ್ನು ಡೈನಾಗೆ ತಿಳಿಯುವಂತೆ ಟೀಚರ್ ಬರೆದುಕೊಡಬೇಕಿತ್ತು.

"ಅದಕ್ಕೇನು, ಬರೆದುಕೊಡ್ತೇನೆ" ಎಂದರು ಟೀಚರ್.

"ಅವಳಿಗೆ ಅರ್ಥ ಆಗ್ಬೇಕು ಟೀಚರ್." ಝೀಟಾ ಬಾಯಿ ಕೆಳಗಿನ ಅಂಗಡಿಯ ಕಡೆ ನೋಡಿ ದನಿ ತಗ್ಗಿಸಿದರು. "ಆದ್ರೆ ಪೂರಾ ಅರ್ಥ ಆಗ್ಬಾರ್ದು."

ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು ಟೀಚರಿಗೆ, ಉಗುಳುವಂತಿಲ್ಲ, ನುಂಗುವಂತಿಲ್ಲ. ಎರಡು ದಿನ ಅಡುಗೆಗೆ ಉಪ್ಪು ಹೆಚ್ಚು ಹಾಕಿದರು. ಆ ತಾಯಿಯ ಮುಖ ಕಣ್ಣ ಮುಂದೆಯೇ ಇತ್ತು. ಕೊನೆಗೆ ತಾಯಿಗಿಂತ ಹೆಚ್ಚು ಬಲ್ಲವಳು ನಾನು ಯಾರು ಎಂದುಕೊಂಡು ಬರೆದರು. "ಡೈನಾ ಹೊಸ ಮನೆಗೆ ಹೋಗುತ್ತಾಳೆ. ಆ ಮನೆ ಕಾರ್ಕಳದ ಹತ್ತಿರ ಇದೆ. ಅಲ್ಲಿ ಹದಿನಾಲ್ಕು ಜನ ಇದ್ದಾರೆ. ಅವರು ಡೈನಾಳ ಸ್ನೇಹಿತರಾಗುತ್ತಾರೆ. ಅಲ್ಲಿ ತೋಟ ಇದೆ. ಸಿಸ್ಟರ್ ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳುತ್ತಾರೆ." ಒಂದು ವಾಕ್ಯದಲ್ಲಿ ಒಂದೇ ಮಾತು, ಕಷ್ಟದ ಪದ ಒಂದೂ ಇಲ್ಲ. ಅವರು ಆ ತನಕ ಬರೆದದ್ದರಲ್ಲೆಲ್ಲ ಅತ್ಯಂತ ತಿಳಿಯಾದ ಪುಟ ಅದೇ ಆಗಿತ್ತು.

ಗುರುವಾರ ಡೈನಾ ಅದನ್ನು ಓದಿದಳು. ತುಟಿಗಳು ಆಡಿದವು, ಕೈ ಡಬ್ಬಿಯ ಕಡೆ ಹೋಗಲಿಲ್ಲ. "ತೋಟ" ಎಂಬಲ್ಲಿ ನಕ್ಕಳು. ಝೀಟಾ ಬಾಯಿ ಪಕ್ಕದಲ್ಲಿ ಕೂತು ಜಪಸರದ ಮಣಿಗಳನ್ನು ಸೆರಗಿನೊಳಗೇ ತಿರುಗಿಸುತ್ತಿದ್ದರು. ಕೊನೆಯ ಸಾಲು ಮುಗಿಯಿತು. ಟೀಚರ್ ಹಿಡಿದಿದ್ದ ಉಸಿರು ಬಿಟ್ಟರು.

ಡೈನಾ ಮತ್ತೊಮ್ಮೆ ಮೊದಲಿನಿಂದ ಓದಿದಳು. ಆಮೇಲೆ ಡಬ್ಬಿಗೆ ಕೈ ಹಾಕಿ, ಅಡಿಯವರೆಗೆ ಕೆದಕಿ, ಒಂದು ದೊಡ್ಡ ಕಪ್ಪು ಬಟನ್ ತೆಗೆದಳು. ಅದನ್ನು ಹಾಳೆಯ ಕೆಳಗೆ, ಬರವಣಿಗೆ ಮುಗಿದು ಬಿಳಿ ಕಾಗದ ಮಾತ್ರ ಉಳಿದಿದ್ದಲ್ಲಿ ಇಟ್ಟಳು.

"ಅಲ್ಲಿ ಎಂತ ಇಲ್ಲ ಅಲ್ವಾ ಡೈನಾ" ಎಂದಳು ವಿಭಾ.

"ಹೌದು. ಇಲ್ಲ" ಎಂದಳು ಡೈನಾ. "ಯಾವಾಗ ವಾಪಸ್ ಬರುದು ಅಂತ ಇಲ್ಲ. ಮಮ್ಮಿ ಎಲ್ಲಿ ಇರ್ತಾಳೆ ಅಂತ ಇಲ್ಲ. ಟೀಚರ್ ಬರೀಲಿಲ್ಲ."

ಟೀಚರಿಗೆ ಮೈಯೆಲ್ಲ ಜುಮ್ಮೆಂದಿತು. ಬರೆದದ್ದರಲ್ಲಿ ತಪ್ಪು ಹುಡುಕುವವರನ್ನು ಅವರು ಬೇಕಾದಷ್ಟು ಕಂಡಿದ್ದರು, ಅವರೂ ಅಂಥವರೇ. ಬರೆಯದೆ ಬಿಟ್ಟ ಜಾಗಕ್ಕೆ ಸರಿಯಾಗಿ ಕೈ ಇಟ್ಟವರನ್ನು ಕಂಡಿರಲಿಲ್ಲ. ನಾಚಿಕೆಯೂ ಆಯಿತು, ಅದನ್ನು ಮೀರಿಸಿ ಬೆರಗೂ ಆಯಿತು. ಎದುರಿಗಿದ್ದವಳಿಗೆ ಎದ್ದುನಿಂತು ಕೈಮುಗಿಯಬೇಕೆನ್ನಿಸಿತು.

ಅವರು ಪೆನ್ನು ತೆಗೆದರು. "ಬೇಡ ಟೀಚರ್" ಎಂದು ಝೀಟಾ ಬಾಯಿ ಅವರ ಮಣಿಕಟ್ಟು ಹಿಡಿದರು. ಆ ಕೈ ತಣ್ಣಗಿತ್ತು. ಟೀಚರ್ ಅದನ್ನು ಮೆಲ್ಲನೆ ಬಿಡಿಸಿ, ಬಟನನ್ನು ಬದಿಗೆ ಸರಿಸಿ, ದೊಡ್ಡ ಅಕ್ಷರದಲ್ಲಿ ಬರೆದರು. "ಮಮ್ಮಿ ಅಲ್ಲಿಗೆ ಬರುವುದಿಲ್ಲ. ಡೈನಾ ಅಲ್ಲೇ ಇರುತ್ತಾಳೆ. ಡೈನಾ ಮನೆಗೆ ವಾಪಸ್ ಬರುವುದಿಲ್ಲ."

ಡೈನಾ ಓದಿದಳು. ಮೂರು ಸಲ ಓದಿದಳು. ಒಂದೂ ಬಟನ್ ಇಡಲಿಲ್ಲ. ಅವಳ ಮುಖ ಕೆಂಪಾಯಿತು, ಕೆಳತುಟಿ ಹೊರಗೆ ಬಂತು, ಆದರೆ ಅಳಲಿಲ್ಲ.

"ಯಾಕೆ?" ಎಂದು ಅಮ್ಮನ ಕಡೆ ತಿರುಗಿದಳು.

"ನಿನ್ನ ಒಳ್ಳೇದಕ್ಕೆ, ಬಾಯೆ" ಎಂದರು ಝೀಟಾ ಬಾಯಿ, ಮಗಳನ್ನು ಮುದ್ದಿಗೆ ಕರೆಯುವ ಕೊಂಕಣಿ ಮಾತಿನಲ್ಲಿ.

ಡೈನಾ ಒಂದು ಬಟನ್ ತೆಗೆದು ಅಮ್ಮನ ಮುಂಗೈಯ ಮೇಲೆ ಇಟ್ಟಳು.

ಝೀಟಾ ಬಾಯಿಯ ಕಣ್ಣು ತುಂಬಿ ಬಂತು. "ಎಂತ ಹೇಳುದು ಇವಳಿಗೆ? ಮಗಳಿಗೆ ಹೇಳುವ ಮಾತಾ ಅದು?" ಎಂದು ಟೀಚರನ್ನು ಕೇಳಿದರು.

"ಡ್ಯಾಡಿ ದೇವರ ಮನೆಗೆ ಹೋಗಿದ್ದಾರೆ ಅಂತ ಮಮ್ಮಿ ಹೇಳಿದ್ಳು" ಎಂದಳು ಡೈನಾ, ಯಾರನ್ನೂ ನೋಡದೆ. "ನಾನು ದಿನಾ ಊಟಕ್ಕೆ ಡ್ಯಾಡಿಯ ಬಟ್ಲು ಇಟ್ಟೆ. ಮಮ್ಮಿ ತೆಗೀಲಿಲ್ಲ. ಪಕ್ಕದ ಮನೆ ಜೆಸ್ಸಿ ಆಂಟಿ ಒಂದು ದಿನ ಬೈದು ಹೇಳಿದ್ರು, ನಿನ್ನ ಡ್ಯಾಡಿ ಸತ್ತದ್ದು ಅಂತ. ಆವತ್ತಿಂದ ಇಡ್ಲಿಲ್ಲ. ಮೊದ್ಲೇ ಹೇಳಿದ್ರೆ ಮೊದ್ಲೇ ಇಡ್ತಿರ್ಲಿಲ್ಲ."

"ಎರಡು ವರ್ಷ" ಎಂದರು ಝೀಟಾ ಬಾಯಿ. "ಎರಡು ವರ್ಷ ಇಟ್ಟಳು ಟೀಚರ್. ನನಗೆ ಬಾಯಿ ಬರ್ಲಿಲ್ಲ."

ಡೈನಾ ಟೀಚರ ಪೆನ್ನಿಗೆ ಕೈ ಚಾಚಿದಳು. "ಖಾಲಿ ಕಾಗದ ಕೊಡಿ. ನೀವು ಬರೆದದ್ದು ಆಗ್ಲಿಲ್ಲ. ನಾನು ಬರೀತೇನೆ. ಸಿಸ್ಟರಿಗೆ ನಾನೇ ಕೊಡ್ತೇನೆ."

ಒಂದೂವರೆ ಗಂಟೆ ಬರೆದಳು. ಮೊಣಕೈಯನ್ನು ಅಡ್ಡ ಇಟ್ಟು, ಪರೀಕ್ಷೆಯಲ್ಲಿ ಪಕ್ಕದವರಿಗೆ ಕಾಣದಂತೆ ಮುಚ್ಚುತ್ತಾರಲ್ಲ, ಹಾಗೆ ಮುಚ್ಚಿಕೊಂಡು ಬರೆದಳು. ನಡುವೆ ಒಮ್ಮೆ ಮಾತ್ರ ತಲೆಯೆತ್ತಿ, "ಹೆದರಿಕೆ ಹೇಗೆ ಬರಿಯುದು?" ಎಂದು ಕೇಳಿದಳು. ಟೀಚರ್ ಇನ್ನೊಂದು ಚೀಟಿಯಲ್ಲಿ ಬರೆದು ತೋರಿಸಿದರು. ಪಾಪ, ಹೆದರಿದ್ದಾಳೆ, ಹೆದರದೆ ಇರುತ್ತಾಳೆಯೇ ಎಂದುಕೊಂಡರು. ಬರೆದು ಮುಗಿದ ಮೇಲೆ ಡೈನಾ ಕಾಗದವನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು. ಅಮ್ಮ ಕೇಳಿದರೂ ಕೊಡಲಿಲ್ಲ.

ಮರುದಿನ ಟೀಚರೂ ಜೊತೆಗೆ ಹೊರಟರು. ಬರಬೇಕೆಂದು ಯಾರೂ ಕರೆದಿರಲಿಲ್ಲ, ಮನೆಯಲ್ಲಿ ಕೂತಿರಲು ಆಗಲಿಲ್ಲ, ಅಷ್ಟೆ. ಪಡುಬಿದ್ರಿಯಿಂದ ಹತ್ತಿದ ಬಸ್ಸಿನಲ್ಲಿ ಡೈನಾ ಕಿಟಕಿಯ ಬದಿಗೆ ಕೂತು ಎದೆಯ ಮೇಲಿನ ಕಾಗದವನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ನಿಟ್ಟೆಯಲ್ಲಿ ಕಾಲೇಜಿನ ಮಕ್ಕಳೆಲ್ಲ ಇಳಿದು ಬಸ್ಸು ಖಾಲಿಯಾಯಿತು. ಝೀಟಾ ಬಾಯಿಯ ಕಾಲಿನ ಬಳಿ ಒಂದು ಚೀಲವಿತ್ತು. ಮಗಳ ನಾಲ್ಕು ಜೊತೆ ಬಟ್ಟೆ, ಹೊಸ ಟವಲು, ಹಲ್ಲುಜ್ಜುವ ಬ್ರಷ್ಷು. ಅದನ್ನು ಅವರು ಟೀಚರಿಗೆ ಕಾಣದಂತೆ ಸೀಟಿನಡಿಗೆ ನೂಕಿದರು.

ಸಿಸ್ಟರ್ ಪ್ರೆಸಿಲ್ಲಾ ಗಟ್ಟಿಮುಟ್ಟಾದ ಹೆಂಗಸು, ಅರವತ್ತರ ಮೇಲಿನ ಪ್ರಾಯ. ತೋಟದಿಂದ ನೇರ ಬಂದವರಂತೆ ಕೈ ಒದ್ದೆಯಿತ್ತು. ಒರೆಸಿಕೊಂಡು ಡೈನಾ ಕೊಟ್ಟ ಕಾಗದ ಬಿಡಿಸಿದರು. ಓದಿದರು. ಓದಲು ಅರ್ಧ ನಿಮಿಷ ಸಾಕಾಗಿತ್ತು, ಆದರೆ ಅವರು ಬಹಳ ಹೊತ್ತು ಅದನ್ನೇ ಹಿಡಿದು ಕೂತರು.

"ಝೀಟಾ ಬಾಯಿ, ಈ ಜಾಗ ನಾನು ಖಾಲಿ ಇಡ್ಲಿಕ್ಕೆ ಆಗುದಿಲ್ಲ" ಎಂದರು ಕೊನೆಗೆ. "ಶಿರ್ವದ ಕಡೆಯ ಒಬ್ಬಳು ಕಾಯ್ತಾ ಇದ್ದಾಳೆ, ಅವಳಿಗೆ ಕೊಡ್ತೇನೆ. ಡೈನಾಳ ಹೆಸರು ಪಟ್ಟಿಯಲ್ಲಿ ಮೊದಲು ಇರ್ತದೆ. ತಿಂಗಳಿಗೆ ಎರಡು ದಿನ ಬಂದು ಇಲ್ಲಿ ಇದ್ದು ಹೋಗ್ಲಿ, ಅಭ್ಯಾಸ ಆಗ್ತದೆ. ಬೇಕಾದಾಗ ಜಾಗ ಇರ್ತದೆ ಅಂತ ಮಾತು ಕೊಡ್ಲಿಕ್ಕೆ ಮಾತ್ರ ಆಗುದಿಲ್ಲ. ಸುಳ್ಳು ಹೇಳುದಿಲ್ಲ ನಾನು."

ಝೀಟಾ ಬಾಯಿ ಎದ್ದೇ ನಿಂತರು. "ಆರು ವರ್ಷ ಕಾದದ್ದು ಸಿಸ್ಟರ್! ಅವಳಿಗೆ ಎಂತ ಗೊತ್ತು? ಅವಳು ಬರೆದದ್ದನ್ನು ಹಿಡ್ಕೊಂಡು ನೀವು..."

"ನೀವು ಓದಿದ್ದೀರಾ?"

"ಇಲ್ಲ. ಕೊಡ್ಲಿಲ್ಲ."

"ಓದಿ. ದೊಡ್ಡದಾಗಿ ಓದಿ, ಅವಳಿಗೂ ಕೇಳ್ಲಿ."

ಝೀಟಾ ಬಾಯಿ ಮತ್ತೆ ಕೂತರು. ಕಾಗದ ಮೇಜಿನ ಮೇಲೆ ಬಂತು. ಡೈನಾ ಕುರ್ಚಿಯನ್ನು ಎಳೆದು ಅಮ್ಮನಿಗೆ ಒತ್ತಿಕೊಂಡು ಕೂತಳು. ಹಿಂದೆ ನಿಂತಿದ್ದ ಟೀಚರಿಗೆ ಪೂರ್ತಿ ಪುಟ ಕಾಣುತ್ತಿತ್ತು. ಸಾಲುಗಳು ಏರಿಳಿದಿದ್ದವು, ಅಕ್ಷರಗಳು ಒಂದೊಂದು ಒಂದೊಂದು ಗಾತ್ರ.

ಮಮ್ಮಿ ಸಾಯುತ್ತಾಳೆ. ಯಾವಾಗ ಅಂತ ಗೊತ್ತಿಲ್ಲ. ಮಮ್ಮಿ ಸತ್ತ ಮೇಲೆ ನಾನು ಸಿಸ್ಟರ ಮನೆಗೆ ಬರುತ್ತೇನೆ. ಈಗ ಬರುವುದಿಲ್ಲ. ಮಮ್ಮಿಗೆ ರಾತ್ರಿ ಹೆದರಿಕೆ ಆಗುತ್ತದೆ. ಮಮ್ಮಿ ಎದ್ದು ಕೂತುಕೊಳ್ಳುತ್ತಾಳೆ. ನಾನು ನಿದ್ದೆಯಲ್ಲಿ ಇದ್ದ ಹಾಗೆ ಮಾಡಿ ಮಮ್ಮಿಯ ಕೈ ಹಿಡಿಯುತ್ತೇನೆ. ಆಗ ಮಮ್ಮಿ ಮಲಗುತ್ತಾಳೆ. ನಾನು ಇಲ್ಲಿ ಬಂದರೆ ಮಮ್ಮಿಯ ಕೈ ಯಾರು ಹಿಡಿಯುತ್ತಾರೆ.

ಅಯ್ಯೋ ದೇವರೇ, ಎಂದುಕೊಂಡರು ಟೀಚರ್. ಅಭ್ಯಾಸಬಲದಿಂದ ಅವರ ಕಣ್ಣು ತಪ್ಪು ಹುಡುಕುತ್ತ ಮೇಲಿನಿಂದ ಕೆಳಗೆ ಒಮ್ಮೆ ಓಡಿತು, ಮತ್ತೊಮ್ಮೆ ಓಡಿತು. ತೆಗೆಯಬೇಕಾದ ಪದ ಸಿಗಲಿಲ್ಲ. ಸೇರಿಸಬೇಕಾದ್ದೂ ಸಿಗಲಿಲ್ಲ. ಇಷ್ಟು ವರ್ಷ ಓದಿದ, ಓದಿಸಿದ, ಬಾಯಿಪಾಠ ಮಾಡಿಸಿದ ಎಷ್ಟೋ ಪುಟಗಳು ಅವರಿಗೆ ಈ ಒಂದು ಹಾಳೆಯ ಎದುರು ಹಗುರವಾಗಿ ಕಂಡವು.

ಝೀಟಾ ಬಾಯಿ ಕನ್ನಡಕ ಹಾಕಿಕೊಂಡರು. "ಮಮ್ಮಿ" ಎಂದು ಓದಿದರು. ಅಲ್ಲಿಗೆ ದನಿ ನಿಂತಿತು.

ಡೈನಾ ತೋರುಬೆರಳನ್ನು ಮುಂದಿನ ಪದದ ಕೆಳಗೆ ಇಟ್ಟಳು. ಅವಸರ ಮಾಡಲಿಲ್ಲ. ಅಮ್ಮ ಸಿಸ್ಟರ ಕಡೆ ನೋಡಿದರು, ಬಾಗಿಲ ಕಡೆ ನೋಡಿದರು. ಬೆರಳು ಅಲ್ಲೇ ಇತ್ತು. ಹೊರಗೆ ಯಾರೋ ಗಿಡಗಳಿಗೆ ನೀರು ಬಿಡುತ್ತಿದ್ದ ಸದ್ದು ಕೇಳುತ್ತಿತ್ತು.

"ಸಾಯುತ್ತಾಳೆ" ಎಂದರು ಝೀಟಾ ಬಾಯಿ.

"ಹ್ಞಾಂ" ಎಂದಳು ಡೈನಾ, ಬೆರಳು ಮುಂದೆ ಸರಿಸಿ.

ಆಮೇಲೆ ಒಂದೊಂದೇ ಸಾಲು ಬಂತು. ಯಾವಾಗ ಅಂತ ಗೊತ್ತಿಲ್ಲ ಎಂಬುದನ್ನು ಓದಿದರು. ಈಗ ಬರುವುದಿಲ್ಲ ಎಂಬುದನ್ನು ಓದಿದರು. ರಾತ್ರಿ ಹೆದರಿಕೆ ಆಗುತ್ತದೆ ಎಂಬುದನ್ನು ಬಹಳ ಸಣ್ಣ ದನಿಯಲ್ಲಿ ಓದಿದರು. ನಿದ್ದೆಯಲ್ಲಿ ಇದ್ದ ಹಾಗೆ ಮಾಡಿ, ಎಂಬಲ್ಲಿ ತಲೆಯೆತ್ತಿ ಮಗಳ ಮುಖವನ್ನು ಮೊದಲ ಸಲ ನೋಡುವವರಂತೆ ನೋಡಿದರು. "ನಿನಗೆ ಎಚ್ಚರ ಇರ್ತಿತ್ತಾ ಬಾಯೆ? ಅಷ್ಟು ದಿನವೂ?" ಎಂದು ಕೊಂಕಣಿಯಲ್ಲಿ ಕೇಳಿದರು.

"ಓದು" ಎಂದಳು ಡೈನಾ.

ಸಿಸ್ಟರ್ ಪ್ರೆಸಿಲ್ಲಾ ಎದ್ದು ಕಿಟಕಿಯ ಬಳಿ ಹೋಗಿ ಅವರಿಗೆ ಬೆನ್ನು ಹಾಕಿ ನಿಂತರು. ಆಗ ಮಮ್ಮಿ ಮಲಗುತ್ತಾಳೆ ಎಂಬಲ್ಲಿಯ ತನಕ ಓದಿ ಆಗಿತ್ತು; ಇನ್ನು ಕೈ ಯಾರು ಹಿಡಿಯುತ್ತಾರೆ ಎಂಬ ಒಂದೇ ಸಾಲು ಉಳಿದಿತ್ತು. ಝೀಟಾ ಬಾಯಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಡೈನಾ ಬೆರಳನ್ನು ಆ ಸಾಲಿನ ಮೊದಲ ಪದದ ಕೆಳಗೆ ಇಟ್ಟುಕೊಂಡು ಕಾಯುತ್ತಿದ್ದಳು.